ವೂಫರ್ ಎಸೆಯಬೇಡಿ, ಅಂಚು ಬದಲಿಸಿ

ಮಳೆಗಾಲ ಮುಗಿಯುತ್ತಿದ್ದಂತೆ ಹಳೆಯ ಬುಕ್‌ಶೆಲ್ಫ್ ಸ್ಪೀಕರ್‌ಗಳ ಬಗ್ಗೆ ಪತ್ರಗಳು ಬರತೊಡಗುತ್ತವೆ. ಹೆಚ್ಚಿನವರ ಪ್ರಶ್ನೆ ಒಂದೇ. ಅದಕ್ಕೆ ಬೇರೆಯವರು ಕೊಟ್ಟ ತಪ್ಪು ಸಲಹೆಯೂ ಒಂದೇ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ.

ಚಿಕ್ಕಪ್ಪ 1980ರ ದಶಕದಲ್ಲಿ ದುಬೈಯಿಂದ ತಂದ ಜೋಡಿ ಸ್ಪೀಕರ್‌ಗಳನ್ನು ಬಟ್ಟೆ ಮುಚ್ಚಿ ಅಟ್ಟದಲ್ಲಿ ಇಟ್ಟಿದ್ದೆವು. ಈಗ ಹಾಕಿದರೆ ಪಟಪಟ ಸದ್ದು. ವೂಫರಿನ (ತಗ್ಗು ಸ್ವರ ನುಡಿಸುವ ದೊಡ್ಡ ಘಟಕ) ಸುತ್ತಲಿನ ಫೋಮ್ ಮುಟ್ಟಿದರೆ ಪುಡಿಯಾಗುತ್ತದೆ. ರಿಪೇರಿಯವರು ಕಾರಿನ ವೂಫರ್ ಕೂರಿಸಿಕೊಡುತ್ತೇನೆ ಎನ್ನುತ್ತಾರೆ. ಕೂರಿಸಲೇ? (ಕುಮಟಾ)

ಬೇಡ. ಆ ವೂಫರಿನಲ್ಲಿ ಸತ್ತಿರುವುದು ಫೋಮ್ ಅಂಚು ಮಾತ್ರ. ಕೋನ್ (ಕಂಪಿಸುವ ಶಂಕುವಿನಾಕಾರದ ಹಾಳೆ), ಅದನ್ನು ಕುಣಿಸುವ ತಂತಿಯ ಸುರುಳಿ, ಅಯಸ್ಕಾಂತ ಮೂರೂ ಬಹುತೇಕ ಚೆನ್ನಾಗಿಯೇ ಇರುತ್ತವೆ. ಸುರುಳಿಯನ್ನು ಮಲ್ಟಿಮೀಟರಿನಲ್ಲಿ ನೋಡಿ: 8 ಓಮ್ ಸ್ಪೀಕರ್ ಐದೂವರೆಯಿಂದ ಏಳರ ನಡುವೆ ತೋರಿಸಿದರೆ ಜೀವವಿದೆ.

‘ಹಾಕದೆ ಇಟ್ಟರೂ ಹೇಗೆ ಹಾಳಾಯಿತು’ ಎಂದು ಎಲ್ಲರೂ ಕೇಳುತ್ತಾರೆ. ಆ ಕಾಲದ ಅಂಚುಗಳು ಪಾಲಿಯುರೆಥೇನ್ ಫೋಮಿನವು. ಗಾಳಿಯಲ್ಲಿರುವ ತೇವ ಅದರ ಅಣುಗಳ ಸರಪಳಿಯನ್ನು ನಿಧಾನವಾಗಿ ಕತ್ತರಿಸುತ್ತದೆ. ಒಣ ಊರಿನಲ್ಲೂ ಅದರ ಆಯುಷ್ಯ ಸಾಮಾನ್ಯವಾಗಿ 15ರಿಂದ 20 ವರ್ಷ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಮ್ಮ ಕರಾವಳಿಯಲ್ಲಿ ಬಟ್ಟೆ ಮುಚ್ಚಿಟ್ಟು ಅದನ್ನು ಉಳಿಸಲಾಗದು. ಉಪ್ಪುಗಾಳಿಯನ್ನು ದೂರಬೇಡಿ. ಅದು ತಿನ್ನುವುದು ತಿರುಪುಗಳನ್ನು ಮತ್ತು ತಂತಿ ಸಿಕ್ಕಿಸುವ ಟರ್ಮಿನಲ್‌ಗಳನ್ನು.

ಕಾರಿನ ವೂಫರ್ ಏಕೆ ಬೇಡ? ಪೆಟ್ಟಿಗೆಯೊಳಗಿನ ಗಾಳಿಯ ಗಾತ್ರ, ಕೋನಿನ ತೂಕ, ಅಂಚಿನ ಬಿಗಿತ, ತಗ್ಗು ಸ್ವರವನ್ನು ವೂಫರಿಗೂ ಏರು ಸ್ವರವನ್ನು ಚಿಕ್ಕ ಟ್ವೀಟರಿಗೂ ಹಂಚುವ ಒಳಗಿನ ಕ್ರಾಸ್‌ಓವರ್ ಎಲ್ಲವನ್ನೂ ಒಂದಕ್ಕೊಂದು ಹೊಂದಿಸಿಯೇ ವಿನ್ಯಾಸ ಮಾಡಿರುತ್ತಾರೆ. ತೂತಿನ ಅಳತೆಗೆ ಕೂತಿತೆಂದು ಬೇರೆ ವೂಫರ್ ತುರುಕಿದರೆ ನಿಮ್ಮ ಬಳಿ ಉಳಿಯುವುದು ಹಳೆಯ ಸ್ಪೀಕರಿನ ಮರದ ಡಬ್ಬ ಮಾತ್ರ. ಕಾರಿನ ವೂಫರ್‌ಗಳು ಹೆಚ್ಚಾಗಿ 4 ಓಮ್‌ನವು, ಹಳೆಯ ಆಂಪ್ಲಿಫೈಯರ್ ಆ ಹೊರೆಗೆ ಬಿಸಿಯಾಗಿ ಸುಡಬಹುದು. ಇಷ್ಟೂ ಗೊತ್ತಿದ್ದು ಕಾರಿನ ವೂಫರ್ ಮಾರುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಏಕೆಂದರೆ ಕಳಚಿದ ಮೂಲ ವೂಫರ್ ಗುಜರಿಗೆ ಹೋದರೆ ಅದೇ ಮಾದರಿಯದು ಮತ್ತೆ ಸಿಗುವುದು ಬಹಳ ಕಷ್ಟ.

ಮೊದಲು ಸ್ಪೀಕರ್ ಹಾಕುವುದನ್ನು ಇಂದೇ ನಿಲ್ಲಿಸಿ. ಅಂಚಿನ ಆಸರೆ ತಪ್ಪಿದ ಕೋನ್ ಓರೆಯಾಗಿ ಕುಣಿದು ಸುರುಳಿಯನ್ನು ಲೋಹಕ್ಕೆ ಉಜ್ಜುತ್ತದೆ. ಆ ಉಜ್ಜಾಟದಲ್ಲಿ ಸುರುಳಿ ಹೋದರೆ ಅಂಚು ಬದಲಿಸಿಯೂ ಪ್ರಯೋಜನವಿಲ್ಲ. ಹೊಸ ಅಂಚು ತರಿಸುವಾಗ ‘ಎಂಟು ಇಂಚು’ ಎಂದಷ್ಟೇ ಹೇಳಿದರೆ ಸಾಲದು. ಕೋನಿನ ಹೊರಗಿನ ವ್ಯಾಸ, ಅಂಚಿನ ಉಬ್ಬಿದ ಭಾಗದ ಅಗಲ, ಚೌಕಟ್ಟಿಗೆ ಅಂಟುವ ಪಟ್ಟಿಯ ಒಳ ಮತ್ತು ಹೊರ ಅಳತೆ, ಎಲ್ಲವನ್ನೂ ಮಿಲಿಮೀಟರಿನಲ್ಲಿ ಬರೆದುಕೊಳ್ಳಿ. ಹಳೆಯ ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿ ಮೆತ್ತಗೆ ಮಾಡಿ ತಾಳ್ಮೆಯಿಂದ ಕೆರೆಯಿರಿ. ಕಾಗದದ ಕೋನ್ ಆದರೆ ಚಾಕುವಿನ ಮೊಂಡು ಬದಿ ಸಾಕು.

ಹೊಸ ಅಂಚನ್ನು ಮೊದಲು ಕೋನಿಗೆ ಅಂಟಿಸಿ ಪೂರ್ತಿ ಒಣಗಲು ಬಿಡಿ. ಚೌಕಟ್ಟಿಗೆ ಅಂಟಿಸುವಾಗಲೇ ನಿಜವಾದ ಕೆಲಸ: ಸುರುಳಿ ನಟ್ಟನಡುವೆ ಕೂರಬೇಕು. ಅಂಟು ಇನ್ನೂ ಹಸಿಯಿರುವಾಗ ಮೊಬೈಲಿನಿಂದ ಆಂಪ್ಲಿಫೈಯರಿಗೆ 30 ಹರ್ಟ್ಜ್ ಆಸುಪಾಸಿನ ಸ್ವರ ಕೊಟ್ಟು, ವಾಲ್ಯೂಮ್ ಬಹಳ ಕಡಿಮೆ ಇಟ್ಟು, ಕೋನನ್ನು ಮೆಲ್ಲಗೆ ಅತ್ತಿತ್ತ ಸರಿಸಿ. ಗರಗರ ಸದ್ದು ಪೂರ್ತಿ ನಿಂತ ಜಾಗವೇ ನಡು. ಅಲ್ಲಿ ಹಿಡಿದು ಒಂದು ದಿನ ಮುಟ್ಟದೆ ಬಿಡಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಇಳಿಯಲೇಬೇಡಿ, ಅಂಟು ಬೇಗ ಒಣಗುವುದಿಲ್ಲ. ಫೆವಿಕ್ವಿಕ್ ಅಂತೂ ಮೇಜಿನ ಮೇಲೂ ಇರಬಾರದು. ಅದು ಹಿಡಿದ ಮೇಲೆ ಸರಿಸಲು ಅವಕಾಶವೇ ಇಲ್ಲ, ಗಟ್ಟಿಯಾಗಿ ಬಿರುಕೂ ಬಿಡುತ್ತದೆ.

‘ರಬ್ಬರ್ ಅಂಚು ಹಾಕಿಸಿ, ಜೀವಮಾನ ಬಾಳುತ್ತದೆ’ ಎನ್ನುವವರೂ ಬರುತ್ತಾರೆ. ರಬ್ಬರ್ ಭಾರ. ಕೋನಿನ ಸಹಜ ಕಂಪನವೇ ಬದಲಾಗಿ ಧ್ವನಿ ಮಂಕಾಗಬಹುದು. ಮೊದಲು ಫೋಮ್ ಇದ್ದರೆ ಫೋಮನ್ನೇ ಹಾಕಿ. ಒಂದು ಇನ್ನೂ ಚೆನ್ನಾಗಿದೆ ಎನಿಸಿದರೂ ಎರಡನ್ನೂ ಒಟ್ಟಿಗೆ ಬದಲಿಸಿ.

ಟ್ವೀಟರ್ ಮಂಕಾಗಿದೆ. ಕೆಪಾಸಿಟರ್ ಬದಲಿಸಬಹುದೇ? (ಶಿರಸಿ)

ಬದಲಿಸಿ. ಹಳೆಯ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಳಗೆ ಒಣಗಿರುತ್ತದೆ. ಮೈಕ್ರೊಫ್ಯಾರಡ್ ಹಳೆಯದರಷ್ಟೇ ಇರಲಿ, ವೋಲ್ಟ್ ಕಡಿಮೆಯಾಗದಿರಲಿ. ಪ್ಲಸ್, ಮೈನಸ್ ಗುರುತಿರುವ ಸಾಮಾನ್ಯ ಕೆಪಾಸಿಟರ್ ಕೊಟ್ಟರೆ ಅಂಗಡಿಗೇ ಹಿಂತಿರುಗಿಸಿ. ಕ್ರಾಸ್‌ಓವರಿಗೆ ಬೇಕಾದುದು ಆ ಭೇದವಿಲ್ಲದ್ದು, ಇಲ್ಲವೇ ಫಿಲ್ಮ್ ಕೆಪಾಸಿಟರ್.

ರಬ್ಬರ್ ಅಂಚಿಗೆ ಕೊಬ್ಬರಿ ಎಣ್ಣೆ ಸವರಿದರೆ ಮೆದುವಾಗುತ್ತದಂತೆ? (ಕಾರವಾರ)

ರಬ್ಬರ್ ಉಬ್ಬುತ್ತದೆ, ಅಂಟು ಬಿಡುತ್ತದೆ. ಎಣ್ಣೆ ತಲೆಗೆ ಇರಲಿ.

ಚಿನ್ನದ ಲೇಪದ ದುಬಾರಿ ಕೇಬಲ್ ತಂದರೆ? (ಅಂಕೋಲಾ)

ದಪ್ಪ ತಾಮ್ರದ ತಂತಿ ಸಾಕು. ಆ ಹಣದಲ್ಲಿ ಒಳ್ಳೆಯ ಅಂಚು ತರಿಸಿ.

ಪೆಟ್ಟಿಗೆಗೆ ಬೂಷ್ಟು ಹಿಡಿದಿದೆ, ಅಂಗಳದ ಬಿಸಿಲಿಗೆ ಇಡಲೇ? (ಭಟ್ಕಳ)

ಬೇಡ, ಮೇಲಿನ ತೆಳು ಮರದ ಹಾಳೆ ಎದ್ದುಬಿಡುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ ಫ್ಯಾನ್ ಗಾಳಿಗೆ ಇಡಿ.

ರಿಪೇರಿಯಾದ ಮೇಲೆ ಯಾವ ಹಾಡು ಹಾಕಿ ಪರೀಕ್ಷಿಸಲಿ? (ಹೊನ್ನಾವರ)

ನಿಮಗೆ ಬಾಯಿಪಾಠವಾಗಿರುವ ಯಕ್ಷಗಾನದ ಹಳೆಯ ಧ್ವನಿಮುದ್ರಣ. ಚೆಂಡೆ ಕಿವಿಗೆ ಚುಚ್ಚಬಾರದು, ಮದ್ದಲೆಯ ಪೆಟ್ಟು ಗುಂಯ್‌ಗುಟ್ಟಿ ಹರಡಬಾರದು. ಹರಡಿದರೆ ಸ್ಪೀಕರನ್ನು ಗೋಡೆಯಿಂದ ಒಂದಡಿ ಮುಂದೆ ತನ್ನಿ. ಟ್ವೀಟರ್ ಕಿವಿಯ ಎತ್ತರಕ್ಕಿರಲಿ. ಇಂಥ ಮುದ್ರಣ ಮೊನೊ (ಎರಡೂ ಸ್ಪೀಕರಿಗೆ ಒಂದೇ ಧ್ವನಿ) ಆಗಿದ್ದರೆ ಎರಡರ ನಡುವೆ ಕುಳಿತಾಗ ಭಾಗವತರ ಧ್ವನಿ ನಿಮ್ಮ ಎದುರಿಗೇ ನಿಲ್ಲಬೇಕು. ಎಲ್ಲಿಂದ ಬರುತ್ತಿದೆಯೆಂದೇ ತಿಳಿಯದಿದ್ದರೆ ಒಂದು ಸ್ಪೀಕರಿನ ಪ್ಲಸ್, ಮೈನಸ್ ಅದಲುಬದಲಾಗಿದೆ. ತಂತಿ ತಿರುಗಿಸಿ ಹಾಕಿ.