ಎಲ್ಲರ ಬಳಿಯೂ ವಾಟ್ಸ್‌ಆ್ಯಪ್ ಇರುವಾಗ ಎಸ್‌ಎಂಎಸ್‌ಗೆ ಹಣ ಕೊಡಬೇಕೇ?

ನಿಮ್ಮ ನರ್ಸರಿಯ ಮುನ್ನೂರು ರೈತರಿಗೆ ಟೊಮೆಟೊ ಸಸಿ ಸಿದ್ಧವಾದ ದಿನವನ್ನು ತಿಳಿಸಲು ಎಸ್‌ಎಂಎಸ್‌ಗೆ ಏಕೆ ಹಣ ಸುರಿಯಬೇಕು ಎಂದು ಕೇಳಿದ್ದೀರಿ. 2017ರಲ್ಲಿ ನಾನೂ ಇದನ್ನೇ ಕೇಳಿಕೊಂಡು, ಸುರಿಯಬೇಕಾಗಿಲ್ಲ ಎಂದು ತೀರ್ಮಾನಿಸಿದ್ದೆ.

ಶಿಡ್ಲಘಟ್ಟದ ಕಡೆ ನನ್ನದೊಂದು ಚಾಕಿ ಸಾಕಣೆ ಕೇಂದ್ರವಿದೆ. ಮೊಟ್ಟೆಯೊಡೆದ ರೇಷ್ಮೆ ಹುಳುವನ್ನು ಏಳೆಂಟು ದಿನ, ಎರಡನೆಯ ಜ್ವರದವರೆಗೆ ಸಾಕಿ ರೈತರಿಗೆ ಕೊಡುವುದು ನಮ್ಮ ಕೆಲಸ. ಪೊರೆ ಕಳಚುವ ಮುನ್ನ ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆಯೆತ್ತಿಕೊಂಡು ಸುಮಾರು ಒಂದು ದಿನ ಅಲುಗದೆ ಕೂರುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಹುಳುವನ್ನು ಸಾಗಿಸಲು ತಕ್ಕ ಹೊತ್ತು ಅದೊಂದೇ. ಜ್ವರದಿಂದ ಎದ್ದ ಹುಳುವಿಗೆ ಹಸಿವಾಗಿರುತ್ತದೆ, ಹರಿದಾಡುತ್ತದೆ, ಬಿಸಿಲಿನಲ್ಲಿ ಒಯ್ದರೆ ಸೊರಗುತ್ತದೆ. ಆದ್ದರಿಂದ ಯಾವ ದಿನ, ಯಾವ ಹೊತ್ತಿಗೆ ಬರಬೇಕೆಂಬ ಒಂದು ಸಾಲಿನ ಸುದ್ದಿಯ ಮೇಲೆ ರೈತನ ಇಡೀ ಬೆಳೆ ನಿಂತಿರುತ್ತದೆ.

2017ರವರೆಗೆ ಎರಡು ವರ್ಷ ನಾನು ಒಂದು ಏಜೆನ್ಸಿಯ ಮೂಲಕ ಹಣ ಕೊಟ್ಟು ಎಸ್‌ಎಂಎಸ್ ಕಳಿಸುತ್ತಿದ್ದೆ. ಬಿಲ್ಲು ಮಾತ್ರ ನಾನು ಎಣಿಸಿದ್ದಕ್ಕಿಂತ ಎರಡರಷ್ಟು ಬರುತ್ತಿತ್ತು. ಕಾರಣ ಕೇಳಿದಾಗ ತಿಳಿದದ್ದೇನೆಂದರೆ, ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿದರೆ ಕನ್ನಡದಲ್ಲಿ ಹಿಡಿಯುವುದು 70 ಮಾತ್ರ, ಅದರಲ್ಲಿಯೂ ಕೊಂಬು, ಗುಡಿಸು, ಒತ್ತಕ್ಷರಗಳೆಲ್ಲ ಬೇರೆಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಕಣ್ಣಿಗೆ ಮೂರೇ ಅಕ್ಷರವಾಗಿ ಕಾಣುವ ‘ಬೆಳಗ್ಗೆ’ ಅಲ್ಲಿ ಏಳಾಗುತ್ತದೆ. ನಾನು ಬರೆಯುತ್ತಿದ್ದ ‘ಮಾನ್ಯ ರೈತ ಬಂಧುಗಳೇ’ ಎಂಬ ಸಂಬೋಧನೆಯೇ ಹದಿನೇಳನ್ನು ನುಂಗಿ, ಸಂದೇಶ ಎರಡಾಗಿ ಒಡೆದು, ಎರಡಕ್ಕೂ ಹಣ ಬೀಳುತ್ತಿತ್ತು. ಸಂಬೋಧನೆಯನ್ನು ಕೈಬಿಟ್ಟಿದ್ದರೆ ಸಾಕಿತ್ತು; ನಾನು ಎಸ್‌ಎಂಎಸ್ಸನ್ನೇ ಕೈಬಿಟ್ಟೆ. ಹಿಂದಿನ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಊರೂರಿಗೂ ಇಂಟರ್‌ನೆಟ್ ತಲುಪಿತ್ತು, ನನ್ನ 62 ರೈತರಲ್ಲಿ 53 ಮಂದಿ ವಾಟ್ಸ್‌ಆ್ಯಪ್‌ನಲ್ಲಿದ್ದರು. ಅವರನ್ನೆಲ್ಲ, ಒಮ್ಮೆ ಕಳಿಸಿದ್ದು ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಹೋಗುವ ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ ಸೇರಿಸಿದೆ. ಕೀಪ್ಯಾಡ್ ಫೋನಿನ ಒಂಬತ್ತು ಮಂದಿಗೆ ಕರೆ ಮಾಡುವುದೆಂದು ಗೊತ್ತುಮಾಡಿಕೊಂಡೆ.

ಏಪ್ರಿಲ್ ತಿಂಗಳ ಕಾವಿಗೆ ಹುಳು ಎಣಿಸಿದ್ದಕ್ಕಿಂತ ಮುಕ್ಕಾಲು ದಿನ ಮೊದಲೇ ಜ್ವರಕ್ಕೆ ಕೂತಿತು. 15ರ ಬೆಳಗ್ಗೆ ಬರಬೇಕಾದವರು 14ರ ಸಂಜೆಯೇ ಬರಬೇಕಾಯಿತು. ಮಧ್ಯಾಹ್ನ ಹನ್ನೆರಡಕ್ಕೆ ಸಂದೇಶ ಕಳಿಸಿ, ಒಂಬತ್ತು ಮಂದಿಗೆ ಫೋನ್ ಮಾಡಿ, ನಿಶ್ಚಿಂತೆಯಿಂದ ಊಟಕ್ಕೆ ಕೂತೆ. ಸಂಜೆ ಇಪ್ಪತ್ತೊಂದು ಮಂದಿ ಬರಲೇ ಇಲ್ಲ. ಮರುದಿನ ಬೆಳಗ್ಗೆ ಎಂಟರ ಹೊತ್ತಿಗೆ ಒಬ್ಬೊಬ್ಬರಾಗಿ ಬಂದರು. ಅಷ್ಟರಲ್ಲಿ ಹುಳು ಜ್ವರದಿಂದ ಏಳುತ್ತಿತ್ತು, ತಟ್ಟೆಯ ಅಂಚಿಗೆ ಹತ್ತಿ ಸೊಪ್ಪಿಗಾಗಿ ತಡಕಾಡುತ್ತಿತ್ತು. ಟಿವಿಎಸ್ ಗಾಡಿಯಲ್ಲಿ ಬಂದಿದ್ದ ಹಿರಿಯರೊಬ್ಬರು ತಮ್ಮ ಫೋನನ್ನು ನನ್ನ ಕೈಗೇ ಕೊಟ್ಟು, “ನೀನೇ ನೋಡಪ್ಪ, ಮೆಸೇಜು ಬಂದಿದ್ದರೆ ನಾನು ನಿನ್ನೆಯೇ ಬರ್ತಿರಲಿಲ್ವಾ?” ಎಂದರು. ವಾಟ್ಸ್‌ಆ್ಯಪ್ ಇತ್ತು, ಇಂಟರ್‌ನೆಟ್ಟೂ ಇತ್ತು, ನನ್ನ ಸಂದೇಶ ಇರಲಿಲ್ಲ.

ನನ್ನ ತಪ್ಪು ಇಷ್ಟೇ, ಆದರೆ ಇದನ್ನು ನೀವು ಬಿಡಿಸಿ ತಿಳಿದುಕೊಳ್ಳಬೇಕು. ಬ್ರಾಡ್‌ಕಾಸ್ಟ್ ಸಂದೇಶ ಮುಟ್ಟಬೇಕಾದರೆ ಅವರ ನಂಬರು ನಿಮ್ಮ ಫೋನಿನಲ್ಲಿದ್ದರೆ ಸಾಲದು, ನಿಮ್ಮ ನಂಬರನ್ನು ಅವರು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡಿರಬೇಕು. ಸೇವ್ ಮಾಡದವರಿಗೆ ಅದು ಹೋಗುವುದೇ ಇಲ್ಲ, ಹೋಗಲಿಲ್ಲವೆಂದು ನಿಮಗೆ ಯಾರೂ ಹೇಳುವುದೂ ಇಲ್ಲ. ಆ ನಿಯಮವನ್ನು ಕಂಪನಿ ಮುಚ್ಚಿಟ್ಟಿರಲಿಲ್ಲ, ಓದದವನು ನಾನು. ಆ ಇಪ್ಪತ್ತೊಂದು ಮಂದಿ ಸೇವ್ ಮಾಡಿಕೊಳ್ಳದಿದ್ದುದಕ್ಕೂ ಕಾರಣ ನಾನೇ. ಎರಡು ವರ್ಷ ಅವರಿಗೆ ಬಂದ ಎಸ್‌ಎಂಎಸ್‌ಗಳ ಮೇಲೆ ನಂಬರಿನ ಬದಲು ನಮ್ಮ ಕೇಂದ್ರದ ಆರಕ್ಷರದ ಗುರುತು ಇರುತ್ತಿತ್ತು, ಆದ್ದರಿಂದ ನನ್ನ ನಂಬರು ಅವರಿಗೆ ಬೇಕಾಗಿಯೇ ಇರಲಿಲ್ಲ. ಸಂದೇಶವನ್ನು ಒತ್ತಿ ಹಿಡಿದು ಮಾಹಿತಿ ತೆರೆದಿದ್ದರೆ ಯಾರಿಗೆ ತಲುಪಿದೆ ಎಂಬ ಪಟ್ಟಿ ಕಾಣುತ್ತಿತ್ತು. ಆ ಪಟ್ಟಿಯಲ್ಲಿಲ್ಲದವರಿಗೆ ಮಧ್ಯಾಹ್ನವೇ ಫೋನ್ ಮಾಡಬಹುದಿತ್ತು. ನಾನು ನೋಡಿದ್ದು ಒಂದು ಬೂದು ಟಿಕ್ ಗುರುತನ್ನು ಮಾತ್ರ. ನನ್ನ ಫೋನಿನಿಂದ ಸಂದೇಶ ಹೊರಟಿದೆ ಎನ್ನುವುದಷ್ಟೇ ಅದರ ಅರ್ಥ, ಅದನ್ನೇ ಮುಟ್ಟಿತು ಎಂದು ಓದಿಕೊಂಡೆ.

ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಕಂತೆಗೇ ನಮ್ಮಲ್ಲಿ ಒಂದು ಮೊಟ್ಟೆ ಎನ್ನುತ್ತಾರೆ, ಆದ್ದರಿಂದ ನೂರು ಮೊಟ್ಟೆಯ ಚಾಕಿಯೆಂದರೆ ಸುಮಾರು ನಲವತ್ತು ಸಾವಿರ ಹುಳು. ಅಂದು ತಡವಾಗಿ ಹೋದ ಹುಳು ಮುಂದಿನ ಜ್ವರಗಳಿಗೆ ಒಂದೇ ಸಮನಾಗಿ ಕೂರಲಿಲ್ಲ, ಹಲವರ ಗೂಡು ಅರ್ಧಕ್ಕಿಳಿಯಿತು. ಚಾಕಿಯ ಹಣವನ್ನು ಹಿಂತಿರುಗಿಸಿದೆ. ರೈತರ ಸೊಪ್ಪು, ಕೂಲಿ, ತಿಂಗಳ ದುಡಿಮೆಯನ್ನು ಹಿಂತಿರುಗಿಸುವ ಬಗೆ ನನಗೆ ತಿಳಿಯಲಿಲ್ಲ. ನಾಲ್ವರು ಮತ್ತೆ ನಮ್ಮಲ್ಲಿಗೆ ಬರಲಿಲ್ಲ.

ಆದ್ದರಿಂದ ಪುಕ್ಕಟೆಯೋ ದುಡ್ಡಿನದೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮುಟ್ಟದಿದ್ದರೆ ನಷ್ಟ ಯಾರಿಗೆ ಎಂದು ಕೇಳಿಕೊಳ್ಳಿ. ಸಸಿಯ ಚಿತ್ರ, ಔಷಧಿ ಸಿಂಪಡಿಸುವ ವಿಡಿಯೊ, ಹೊಸ ತಳಿಯ ವಿವರ ಇವಕ್ಕೆಲ್ಲ ವಾಟ್ಸ್‌ಆ್ಯಪ್‌ಗಿಂತ ಒಳ್ಳೆಯದು ಇನ್ನೊಂದಿಲ್ಲ. ದಿನ ಮತ್ತು ಹೊತ್ತನ್ನು ತಿಳಿಸುವ ಸಂದೇಶ ಮಾತ್ರ ಎಸ್‌ಎಂಎಸ್‌ನಲ್ಲಿ ಹೋಗಲಿ, ಏಕೆಂದರೆ ಅದಕ್ಕೆ ಡೇಟಾ ಬೇಕಿಲ್ಲ, ಸ್ಮಾರ್ಟ್‌ಫೋನ್ ಬೇಕಿಲ್ಲ, ನಿಮ್ಮ ನಂಬರನ್ನು ಅವರು ಸೇವ್ ಮಾಡಿರಬೇಕಾಗಿಯೂ ಇಲ್ಲ. 2021ರ ಅಕ್ಟೋಬರ್ 4ರ ರಾತ್ರಿ ವಾಟ್ಸ್‌ಆ್ಯಪ್ ಜಗತ್ತಿನಾದ್ಯಂತ ಸುಮಾರು ಆರು ಗಂಟೆ ನಿಂತುಹೋದಾಗಲೂ ನಮ್ಮ ಮರುದಿನದ ಚಾಕಿಗೆ ಯಾರೂ ತಪ್ಪಲಿಲ್ಲ. ಗ್ರೂಪ್ ಮಾಡಿದರೆ ಸೇವ್ ಮಾಡುವ ತೊಡಕಿಲ್ಲ ಎಂದು ಕೆಲವರು ಹೇಳುತ್ತಾರೆ, ನಿಜ. ಆದರೆ ಶುಭೋದಯದ ಚಿತ್ರಗಳ ಕೆಳಗೆ ನಿಮ್ಮ ತಾರೀಖು ಹೂತುಹೋಗುತ್ತದೆ, ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿಯೊಂದಕ್ಕೆ ಹಿಡಿಯುವುದು 256 ಮಂದಿ, ನಿಮ್ಮ ಮುನ್ನೂರಕ್ಕೆ ಅದೂ ಸಾಲದು.

ನಿಮ್ಮ ಸ್ವಂತ ಸಿಮ್‌ನ ದಿನಕ್ಕೆ ನೂರು ಎಸ್‌ಎಂಎಸ್‌ನ ಪ್ಯಾಕಿನಿಂದ ವ್ಯಾಪಾರದ ಸಂದೇಶ ಕಳಿಸಲು ಹೋಗಬೇಡಿ, ಯಾರಾದರೂ ದೂರು ಕೊಟ್ಟರೆ ನಂಬರು ಬಂದ್ ಆಗಬಹುದು. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2018ರ ನಿಯಮದಂತೆ ವ್ಯಾಪಾರದ ಹೆಸರಿನಲ್ಲಿ ನೋಂದಣಿ ಮಾಡಿಸಿ, ಕಳಿಸುವವರ ಗುರುತನ್ನೂ ಸಂದೇಶದ ಮಾದರಿಯನ್ನೂ ಮೊದಲೇ ಒಪ್ಪಿಸಬೇಕು. ಮಾದರಿಯನ್ನು ಚಿಕ್ಕದಾಗಿಡಿ. ‘ಚಾಕಿ ಹುಳು ಒಯ್ಯಲು 14ರ ಸಂಜೆ 5ಕ್ಕೆ ಬನ್ನಿ.’ ನಾನು ಈಗ ಕಳಿಸುವುದು ಇಂಥದ್ದನ್ನೇ. ಇದು 38 ಅಕ್ಷರದ ಲೆಕ್ಕ, ಒಂದೇ ಎಸ್‌ಎಂಎಸ್‌ನ ಹಣ. ದಿನ ಬದಲಾದಾಗ ಇದರ ಮೇಲೆ ಫೋನ್ ಕೂಡ ಮಾಡುತ್ತೇನೆ.

ಈ ನಡುವೆ ವಾಟ್ಸ್‌ಆ್ಯಪ್ ಪಟ್ಟಿಯನ್ನೇ ನೆಚ್ಚಿಕೊಂಡಿದ್ದರೆ, ಇವತ್ತೇ ಅದರಿಂದ ಹತ್ತು ಹೆಸರು ಆರಿಸಿ ಕರೆ ಮಾಡಿ, ನಿಮ್ಮ ನಂಬರು ಅವರ ಫೋನಿನಲ್ಲಿ ಯಾವ ಹೆಸರಿನಿಂದ ಕಾಣಿಸುತ್ತಿದೆ ಎಂದು ಕೇಳಿ.