ಕಡಿಮೆ ದುಡ್ಡಲ್ಲಿ ಕಾಡುಪ್ರಾಣಿ, ಹಕ್ಕಿಗಳ ಫೋಟೋಗೆ ಮೊದಲ ಡಿಎಸ್‌ಎಲ್‌ಆರ್ ಯಾವುದು?

ಬಾಡಿ (ಲೆನ್ಸ್ ಇಲ್ಲದ ಬರೀ ಕ್ಯಾಮೆರಾ) ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಉಳಿದ ದುಡ್ಡನ್ನು ಲೆನ್ಸ್‌ಗೆ ಹಾಕಿ. ಹಳೇ ನಿಕಾನ್ ಡಿ7200 ಜೊತೆ 70-300 ಎಂಎಂ ವಿಆರ್ (ಕೈ ನಡುಕ ತಡೆಯುವ) ಲೆನ್ಸ್ ಇದ್ದರೆ ಶುರು ಮಾಡೋಕೆ ಸಾಕು.

ಯಾಕೆ ಅಂದ್ರೆ ಪ್ರಾಣಿ ನಿಮ್ಮ ಹತ್ತಿರ ಬರೋದಿಲ್ಲ, ಲೆನ್ಸ್‌ನ ಎಂಎಂ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಕಿಟ್‌ನಲ್ಲಿ ಬರೋ 18-55 ಲೆನ್ಸ್‌ನಲ್ಲಿ ಆಚೆ ದಡದ ಮಿಂಚುಳ್ಳಿ ಬರೀ ನೀಲಿ ಚುಕ್ಕೆ, ಬಾಡಿ ಎಷ್ಟೇ ದುಬಾರಿಯಾದರೂ ಅಷ್ಟೇ. ಡಿ7200ರಂಥ ಕ್ಯಾಮೆರಾಗಳ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ದುಬಾರಿ ಕ್ಯಾಮೆರಾಗಳ ದೊಡ್ಡ ಸೆನ್ಸರ್ ಆದ ಫುಲ್ ಫ್ರೇಮ್‌ಗಿಂತ ಚಿಕ್ಕದು, ಚಿತ್ರದ ನಡುಭಾಗವನ್ನಷ್ಟೇ ಹಿಡಿಯುತ್ತದೆ, ಹಾಗಾಗಿ 300 ಎಂಎಂ ಲೆನ್ಸ್ ಫುಲ್ ಫ್ರೇಮ್‌ನ 450 ಎಂಎಂನಷ್ಟು ಹತ್ತಿರದ ನೋಟ ಕೊಡುತ್ತದೆ. ನಮಗೆ ಇದು ಲಾಭವೇ ಅಲ್ವಾ? ಮೆಗಾಪಿಕ್ಸೆಲ್ ಬಗ್ಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, 24 ಧಾರಾಳ.

ರಂಗನತಿಟ್ಟಿನ ದೋಣಿಯಲ್ಲಿ 300 ನಡೆಯುತ್ತದೆ, ಹಕ್ಕಿಗಳು ಹತ್ತಿರದಲ್ಲೇ ಕೂತಿರುತ್ತವೆ. ಕಬಿನಿ ಸಫಾರಿಯಲ್ಲಿ ಮಾತ್ರ ಕೆಲವೊಮ್ಮೆ ಸಾಲದು. ಮುಂದೆ ದುಡ್ಡು ಕೂಡಿದಾಗ 150-600 ನೋಡಿ, ಆದರೆ ಅದು ಭಾರ ಜಾಸ್ತಿ.

ಹಳೇ ಲೆನ್ಸ್ ಕೊಳ್ಳುವಾಗ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಒಳಗೆ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಮಲೆನಾಡು ಕಡೆಯ ಲೆನ್ಸ್ ಆದರೆ ಎರಡು ಸಲ ನೋಡಿ.