ಯುಡಿಐಡಿಯಲ್ಲಿ (ಅಂಗವಿಕಲರ ಗುರುತಿನ ಚೀಟಿ) ಶೇ. 30 ಬಂದಿದ್ದರೆ ಮೇಲ್ಮನವಿ ಹೇಗೆ?

ತಂಗಿಗೆ ಕಾಲಿನ ತೊಂದರೆಯ ಜೊತೆ ಕಿವಿಯೂ ಮಂದ, ಆದರೂ ಅಂಗವಿಕಲತೆ ಶೇ. 30 ಎಂದು ಬರೆದದ್ದರಿಂದ ಅಂಗವಿಕಲರ ಮಾಸಾಶನ ಸಿಗಲಿಲ್ಲ ಎಂದಿದ್ದೀರಿ. ಮಾಸಾಶನದ ಅರ್ಜಿಯನ್ನೇ ಮತ್ತೆ ಹಾಕಬೇಡಿ. ಕನಿಷ್ಠ ಶೇ. 40 ಬೇಕು, ಹಾಗಾಗಿ ಮೊದಲು ಸರಿಯಾಗಬೇಕಾದದ್ದು ಅಂಗವಿಕಲತೆಯ ಪ್ರಮಾಣಪತ್ರ.

ಮೂಳೆ ವೈದ್ಯರು ಮಾತ್ರ ಸಹಿ ಹಾಕಿದ್ದಾರೆಯೇ ನೋಡಿ. ಹಾಗಿದ್ದರೆ ಕಿವಿಯ ಲೆಕ್ಕವೇ ಆಗಿಲ್ಲ. ಎರಡು ನ್ಯೂನತೆಗಳಿದ್ದಾಗ ಅಂಕಿಗಳನ್ನು ನೇರ ಕೂಡುವುದಿಲ್ಲ: ದೊಡ್ಡದನ್ನು 90ರಿಂದ ಕಳೆದು, ಬಂದದ್ದನ್ನು ಚಿಕ್ಕದರಿಂದ ಗುಣಿಸಿ, 90ರಿಂದ ಭಾಗಿಸಿ, ದೊಡ್ಡದಕ್ಕೆ ಸೇರಿಸಬೇಕು. ಕಾಲಿಗೆ 30, ಕಿವಿಗೆ 18 ಎಂದಾದರೆ 60×18÷90 = 12; ಒಟ್ಟು 42. ಅಲ್ಲಿಗೆ ಅರ್ಹತೆ ಬಂತು!

ಆಡಿಯೋಗ್ರಾಮ್ (ಕಿವಿ ಪರೀಕ್ಷೆಯ ವರದಿ), ಹಳೆಯ ಚಿಕಿತ್ಸೆಯ ದಾಖಲೆಗಳನ್ನು ಲಗತ್ತಿಸಿ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 59ನೇ ಕಲಮಿನಡಿ ಮೇಲ್ಮನವಿ ಕೊಡಿ. ‘ಶೇಕಡಾವಾರು ಕಡಿಮೆಯಾಗಿದೆ’ ಎಂದಷ್ಟೇ ಬರೆದರೆ ನಿಲ್ಲುವುದಿಲ್ಲ. ಯಾವ ಪರೀಕ್ಷೆ ಬಿಟ್ಟುಹೋಗಿದೆ ಎಂದು ಬರೆಯಿರಿ. ಯಾರಿಗೆ, ಎಷ್ಟು ದಿನದೊಳಗೆ ಕೊಡಬೇಕೆಂಬುದನ್ನು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಇವತ್ತೇ ಕೇಳಿ. ಸ್ವೀಕೃತಿ ಪಡೆಯದೆ ಅಲ್ಲಿಂದ ಏಳಬೇಡಿ.

ಅರ್ಜಿ ತುಂಬಲು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ಕೊಡುತ್ತದೆ. ಇದಕ್ಕೆ ಅಂಗವಿಕಲರಿಗೆ ಆದಾಯದ ಮಿತಿ ಇಲ್ಲ. ಕಾನೂನು ನೆರವಿನ ಸಹಾಯವಾಣಿ 15100.